ಹದಿನಾಲ್ಕನೆಯ ನಂಬರಿನ ರೈಲುಗಾಲಿಗಳು

ಮಂಜೇಶ ಮೊಗವೀರನಿಗೆ ಸಿಟ್ಟು ಬಂದರೆ ಅವನು ಮಾತಾಡುವುದಿಲ್ಲ, ಹಗ್ಗ ಸುತ್ತುತ್ತಾನೆ. ದೋಣಿಯ ಹಲಗೆಯ ಮೇಲೆ ಬಿದ್ದಿರುವ ಹಗ್ಗವನ್ನೆತ್ತಿ ಮೊಣಕೈಗೂ ಹೆಬ್ಬೆರಳಿಗೂ ನಡುವೆ ಸುರುಳಿ ಸುತ್ತುತ್ತಾನೆ; ಮುಗಿದರೆ ಬಿಚ್ಚಿ ಮತ್ತೆ ಸುತ್ತುತ್ತಾನೆ. ಕಳೆದ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅವನು ಮನೆಯಲ್ಲಿಯೂ ಹಗ್ಗ ಹಿಡಿದೇ ಕುಳಿತಿರುತ್ತಿದ್ದನೆಂದು ಅವನ ಹೆಂಡತಿ ರೇಣು ನನಗೆ ಹೇಳಿದಳು. ಆ ಸಿಟ್ಟಿಗೆ ಕಾರಣನಾದವನು ನನ್ನ ಅಳಿಯ. ಆದುದರಿಂದಲೇ ಇದನ್ನು ನಾನು ಬರೆಯುತ್ತಿದ್ದೇನೆ. ಮನೆಯ ತಪ್ಪನ್ನು ಮನೆಯವರೇ ಹೇಳುವುದು ಮೇಲು.

ನ್ಯೂ ಜರ್ಸಿಯ ಸ್ಯಾಂಡಿ ಹುಕ್ ಎಂಬ ಉದ್ದನೆಯ ಮರಳದಂಡೆಯ ಒಳಬದಿಯಲ್ಲಿ ಒಂದು ಸಣ್ಣ ಬಂದರಿದೆ. ನನ್ನ ಮಗಳು ಅರ್ಪಿತಾ ಮತ್ತು ಅಳಿಯ ಶ್ರೀನಿಯೊಡನೆ ನಾನಿರುವ ಜರ್ಸಿ ಸಿಟಿಯಿಂದ ಕಾರಿನಲ್ಲಿ ಒಂದು ಗಂಟೆಯ ದಾರಿ. ಈ ಬಂದರಿನಲ್ಲಿ ದೋಣಿಗಳನ್ನು ದಡಕ್ಕೆ ಕಟ್ಟುವುದಿಲ್ಲ. ನೀರಿನ ನಡುವೆ, ತಳದ ಕೆಸರಿನಲ್ಲಿ ಒಂದು ದೊಡ್ಡ ಭಾರವನ್ನು ಇಳಿಸಿ, ಅದಕ್ಕೆ ಸರಪಳಿ ಹಾಕಿ, ಸರಪಳಿಯ ಮೇಲ್ತುದಿಗೆ ತೇಲುವ ಗುಂಡೊಂದನ್ನು ಕಟ್ಟುತ್ತಾರೆ. ದೋಣಿ ಬಂದು ಆ ಗುಂಡನ್ನು ಹಿಡಿದು ನಿಲ್ಲುತ್ತದೆ. ಇದಕ್ಕೆ ಎಲ್ಲರೂ ಮೂರಿಂಗ್ ಎನ್ನುತ್ತಾರೆ. ನೀರಿನ ಜಾಗ ಊರಿನದು; ಊರಿನ ಬಂದರು ಸಮಿತಿ ಪ್ರತಿ ಜಾಗಕ್ಕೂ ನಂಬರು ಹಾಕಿ ವರ್ಷವರ್ಷವೂ ಪರವಾನಗಿ ಕೊಡುತ್ತದೆ. ತಳದ ಭಾರ, ಸರಪಳಿ, ಗುಂಡು ಮಾತ್ರ ಹಾಕಿದವನ ಸ್ವಂತದ್ದು. ಈ ಕೊನೆಯ ಮಾತನ್ನು ಓದುವವರು ನೆನಪಿನಲ್ಲಿಟ್ಟುಕೊಳ್ಳಬೇಕು.

ಮಂಜೇಶ ಹುಟ್ಟಿದ್ದು ಗಂಗೊಳ್ಳಿಯಲ್ಲಿ. ನಾನು ಕೆಲಸಕ್ಕೆ ಸೇರಿದ ಮೊದಲ ಮೂರು ವರ್ಷ ಕುಂದಾಪುರದ ಹೈಸ್ಕೂಲಿನಲ್ಲಿದ್ದೆ. ಹೊಳೆಯ ಆಚೆ ದಡದಲ್ಲಿ ಗಂಗೊಳ್ಳಿ. ಭಾನುವಾರ ಕಡವಿನ ದೋಣಿಯಲ್ಲಿ ದಾಟಿ ಹೋಗಿ, ಬಲೆ ಒಣಗಿಸುವುದನ್ನು ನೋಡುತ್ತ ಕುಳಿತಿರುತ್ತಿದ್ದೆ. ಆಗ ಅವನು ಏಳೆಂಟು ವರ್ಷದ ಹುಡುಗನಿರಬೇಕು, ನಾನು ಕಂಡಿಲ್ಲ. ಆದರೆ ಇಲ್ಲಿಯ ಕನ್ನಡ ಕೂಟದ ಊಟದ ಸಾಲಿನಲ್ಲಿ ನಾನು ಕಡವಿನ ಹೆಸರೆತ್ತಿದ ಕೂಡಲೇ ಅವನು ನನ್ನನ್ನು ಮಾಷ್ಟ್ರೇ ಎಂದು ಕರೆದ. ಮೈಸೂರಿನ ಶಿಷ್ಯರ ‘ಮೇಷ್ಟ್ರೇ’ ಕೇಳಿ ಹಳಸಿದ್ದ ಕಿವಿಗೆ ಅದು ಹಿತವಾಗಿತ್ತು.

ಇಪ್ಪತ್ತಾರನೆಯ ವಯಸ್ಸಿಗೇ ಅವನು ದೊಡ್ಡ ಸುತ್ತುಬಲೆ ಬೀಸುವ ಪರ್ಸೀನ್ ಬೋಟೊಂದಕ್ಕೆ ತಾಂಡೇಲನಾಗಿದ್ದ. ಎಂದರೆ ಇಪ್ಪತ್ತೈದು ಜನರಿರುವ ಬೋಟಿಗೆ ಅವನ ಮಾತೇ ಕೊನೆಯದು. ರೇಣು ನರ್ಸಿಂಗ್ ಓದಿದ್ದಳು. ಅವಳಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸವಾಯಿತು, ಅವನು ಹಿಂದೆ ಬಂದ. ಮೊದಲ ಎರಡು ವರ್ಷ ಸೀಕಾಕಸ್‌ನ ವೇರ್‌ಹೌಸ್ ಒಂದರಲ್ಲಿ ಪೆಟ್ಟಿಗೆಗಳಿಗೆ ಟೇಪು ಹಚ್ಚಿದ. ಆ ಕಟ್ಟಡಕ್ಕೆ ಕಿಟಕಿಯಿರಲಿಲ್ಲ. ಸಮುದ್ರ ಹತ್ತಿರದಲ್ಲೇ ಇದೆಯೆಂದು ಗೊತ್ತು, ಆದರೆ ಅದರ ವಾಸನೆ ಮಾತ್ರ ಬಾರದು. ಇದನ್ನು ಹೇಳುವಾಗ ಅವನು ಈಗಲೂ ಮೂಗನ್ನೊಮ್ಮೆ ಉಜ್ಜಿಕೊಳ್ಳುತ್ತಾನೆ.

ಒಂದು ಭಾನುವಾರ ಗಂಡ ಹೆಂಡತಿ ಈ ಬಂದರಿಗೆ ತಿರುಗಾಡಲು ಬಂದರು. ವಿನ್ನಿ ಎಂಬ ಇಟಲಿ ಮೂಲದ ಮುದುಕ ತನ್ನ ದೋಣಿಯಲ್ಲಿ ಗಂಟುಬಿದ್ದ ಹಗ್ಗವನ್ನು ಬೈಯುತ್ತ ಕುಳಿತಿದ್ದ. ಮಂಜೇಶ ಒಂದು ಮಾತೂ ಆಡದೆ ದೋಣಿಗೆ ಇಳಿದು ಗಂಟು ಬಿಡಿಸಿದ. ಅವನಿಗೆ ಆಗ ಬರುತ್ತಿದ್ದ ಇಂಗ್ಲಿಷಿಗೆ ಅಷ್ಟೇ ಸಾಕಾಯಿತು. ಮರುದಿನದಿಂದ ವೇರ್‌ಹೌಸಿಗೆ ಹೋಗಲಿಲ್ಲ, ವಿನ್ನಿಯ ದೋಣಿಯಲ್ಲೇ ಕೆಲಸಕ್ಕೆ ನಿಂತ.

ವಿನ್ನಿ ಹಿಡಿಯುತ್ತಿದ್ದುದು ಲಾಬ್‌ಸ್ಟರ್. ನೋಡದವರಿಗೆ ಹೇಳುವುದಾದರೆ ಅದು ಸಿಗಡಿಯ ಮೈಗೆ ಏಡಿಯ ಕೊಂಡಿ ಅಂಟಿಸಿದಂತಹ ಜೀವಿ. ಬಲೆಗೆ ಬೀಳುವಂಥದ್ದಲ್ಲ, ತಂತಿಯ ಬೋನುಗಳಲ್ಲಿ ಕೊಳೆತ ಮೀನಿಟ್ಟು ಸಮುದ್ರದ ತಳಕ್ಕೆ ಇಳಿಸಿ, ಮೂರು ನಾಲ್ಕು ದಿನ ಬಿಟ್ಟು ಎತ್ತಬೇಕು. ಬೋನು ಎಲ್ಲಿದೆಯೆಂದು ತಿಳಿಯಲು ಮೇಲೆ ಒಂದು ಬಣ್ಣದ ತೇಲುಗುಂಡು. ಒಬ್ಬೊಬ್ಬ ಮೀನುಗಾರನಿಗೂ ತನ್ನದೇ ಬಣ್ಣ. ಮಂಜೇಶ ತನ್ನ ಪಾಲಿನ ಬೋನುಗಳನ್ನು ಇಳಿಸುವ ಕಾಲ ಬಂದಾಗ ಹಳದಿ ಕೆಂಪು ಆರಿಸಿಕೊಂಡ. ಕನ್ನಡ ಬಾವುಟವೆಂದು ಕೂಟದವರು ಮೆಚ್ಚಿಕೊಂಡರು. ಅವನು ಬೇಡವೆನ್ನಲಿಲ್ಲ. ನನಗೆ ಮಾತ್ರ ನಿಜ ಹೇಳಿದ: ಹಂಗಾಮಿನ ಮೊದಲ ದಿನ ಅವನ ತಾಯಿ ಬೋಟಿನ ಮೂತಿಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ಅದೇ ಬಣ್ಣ.

ಹದಿನಾಲ್ಕನೆಯ ನಂಬರಿನ ಮೂರಿಂಗನ್ನು ವಿನ್ನಿಯೂ ಅವನೂ ಸೇರಿ ಹಾಕಿದರು. ಅದು ಒಳಬಂದರಿನ ಜಾಗ. ಮರಳದಂಡೆ ಅಡ್ಡವಿರುವುದರಿಂದ ಈಶಾನ್ಯದ ಬಿರುಗಾಳಿ ತಾಗುವುದಿಲ್ಲ. ಆದರೆ ತಳದ ಕೆಸರು ಅಂಬಲಿಯಂತೆ ತೆಳು, ಸಾಮಾನ್ಯ ಲಂಗರು ಅಲ್ಲಿ ನಿಲ್ಲದು. ಜರ್ಸಿ ಸಿಟಿಯ ರೈಲು ಯಾರ್ಡಿನ ಪಕ್ಕದ ಗುಜರಿಯಿಂದ ಅವರು ಹಳೆಯ ಗೂಡ್ಸ್ ಬಂಡಿಯ ಎರಡು ಗಾಲಿಗಳನ್ನು ತಂದರು. ಒಂದೊಂದು ಗಾಲಿಯೂ ಒಂದು ಎಮ್ಮೆಯ ತೂಕ. ಅವನ್ನು ಸರಪಳಿಯಿಂದ ಜೋಡಿಸಿ ಕೆಸರಿಗೆ ಬಿಟ್ಟರು. ಇಪ್ಪತ್ತೆರಡು ವರ್ಷ ಅವು ಅಲ್ಲಿಂದ ಕದಲಲಿಲ್ಲ. ವಿನ್ನಿ ಸಾಯುವ ಮುನ್ನ ದೋಣಿಯನ್ನೂ ಲೈಸೆನ್ಸನ್ನೂ ಮಂಜೇಶನ ಹೆಸರಿಗೆ ಮಾಡಿದ. ದೋಣಿಯ ಹೆಸರು ‘ಕಾನ್ಸೆಟ್ಟಾ’. ಅದು ವಿನ್ನಿಯ ತಾಯಿಯ ಹೆಸರು, ಹಾಗಾಗಿ ಮಂಜೇಶ ಬದಲಾಯಿಸಲಿಲ್ಲ.

ಅವನು ಬಂದಾಗ ಆ ಬಂದರಿನಲ್ಲಿ ಹತ್ತೊಂಬತ್ತು ಮೀನುಗಾರಿಕೆಯ ದೋಣಿಗಳಿದ್ದವು. ಈಗ ಐದು. ನೀರು ಬಿಸಿಯಾಗುತ್ತಿದೆ, ಲಾಬ್‌ಸ್ಟರ್ ಉತ್ತರಕ್ಕೆ ಸರಿಯುತ್ತಿದೆ. ಖಾಲಿಯಾದ ಮೂರಿಂಗುಗಳಿಗೆಲ್ಲ ಶನಿವಾರ ಭಾನುವಾರದ ವಿಹಾರದ ದೋಣಿಗಳು ಬಂದವು. ಅವರಿಗೆ ಎರೆ ಮೀನಿನ ವಾಸನೆಯಾಗದು. ಬೆಳಗಿನ ಜಾವದ ಡೀಸೆಲ್ ಸದ್ದಾಗದು. ಅವರ ದೋಣಿಯ ಪಂಖ ಬೋನಿನ ಹಗ್ಗವನ್ನು ತುಂಡರಿಸಿದರೆ ಮಾತ್ರ ಯಾರಿಗೂ ಗೊತ್ತಾಗದು. ವಾಸನೆಯ ಬಗ್ಗೆ ಅವರು ಸಹಿ ಸಂಗ್ರಹಿಸಿ ಸಮಿತಿಗೆ ಕೊಟ್ಟಾಗ ಮಂಜೇಶ ಕೇಳಿದ್ದು ಒಂದೇ: “ಮೀನ್ ಹಿಡುವಲ್ ಮೀನ್ ವಾಸ್ನೆ ಅಲ್ದೆ ಮಲ್ಲಿಗೆ ವಾಸ್ನೆ ಬತ್ತಾ ಮರ್ರೆ?” ಇಂಗ್ಲಿಷಿನಲ್ಲಿ ಅವನು ಇದನ್ನು ಹೇಳಲಿಲ್ಲ. ನೀರಿನ ಪಂಪಿನ ಗುಂಡಿಯೊತ್ತಿ ದೋಣಿಯನ್ನು ಇನ್ನೊಮ್ಮೆ ತೊಳೆದ.

ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಗಂಗೊಳ್ಳಿಯಲ್ಲಿ ಮಳೆಗಾಲಕ್ಕೆ ದೋಣಿಗಳೆಲ್ಲ ಒಳಗೆ ಬಂದಾಗ ಒಬ್ಬರ ದೋಣಿಗೆ ಇನ್ನೊಬ್ಬರು ಹಗ್ಗ ಕಟ್ಟುತ್ತಾರೆ. ಮನೆತನದ ಜಗಳವಿದ್ದರೂ ನೀರಿನಲ್ಲಿ ಹಗ್ಗ ಕೇಳಿದವನಿಗೆ ಇಲ್ಲವೆನ್ನುವಂತಿಲ್ಲ. ಇಲ್ಲಿನ ಲಾಬ್‌ಸ್ಟರ್‌ನವರಲ್ಲೂ ಅಂಥದ್ದೇ ರೂಢಿ. ಒಬ್ಬನ ದೋಣಿ ಹೊರಗೆ ಹೋಗಿದ್ದರೆ ಅವನ ಗುಂಡಿಗೆ ಇನ್ನೊಬ್ಬ ಕಟ್ಟಬಹುದು. ಒಡೆಯ ಹಿಂತಿರುಗಿ ಹಾರ್ನ್ ಒತ್ತಿದರೆ ಬಿಟ್ಟು ಹೋಗಬೇಕು. ಗುಂಡಿನ ಮೇಲಿನ ಬಣ್ಣವೇ ಒಡೆತನದ ಪತ್ರ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ.

ನನ್ನ ಅಳಿಯ ಶ್ರೀನಿ ಬರೆದಿಡದುದನ್ನು ನಂಬುವವನಲ್ಲ. ಮ್ಯಾನ್‌ಹಟನ್ನಿನ ಬ್ಯಾಂಕೊಂದರಲ್ಲಿ ಅವನ ಕೆಲಸವೇ ಇತರರು ನಿಯಮದಂತೆ ನಡೆಯುತ್ತಿದ್ದಾರೆಯೇ ಎಂದು ನೋಡುವುದು. ಮನೆಯಲ್ಲಿ ಹಾಲಿನ ಡಬ್ಬಿಯ ದಿನಾಂಕವನ್ನು ದಿನವೂ ನೋಡುತ್ತಾನೆ. ಕೆಟ್ಟವನೆಂದು ನಾನು ಹೇಳುತ್ತಿಲ್ಲ. ನನ್ನ ಔಷಧಿಗಳನ್ನು ವಾರದ ಡಬ್ಬಿಗೆ ತುಂಬಿಡುವವನೂ ಅವನೇ. ಎರಡು ವರ್ಷದ ಹಿಂದೆ ಒಂದು ಹಾಯಿದೋಣಿಯನ್ನು ಕೊಂಡ. ‘ಕಾವೇರಿ’ ಎಂದು ಹೆಸರಿಟ್ಟ. ಉಪ್ಪು ನೀರಿಗೆ ಕಾವೇರಿ ತಂದಿರಾ ಎಂದು ಮಂಜೇಶ ನಕ್ಕಿದ್ದ. ಆದರೆ ದೋಣಿ ಇಡಲು ಜಾಗವಿರಲಿಲ್ಲ. ಮೂರಿಂಗಿನ ಕಾಯುವ ಪಟ್ಟಿಯಲ್ಲಿ ಶ್ರೀನಿಯ ಹೆಸರು ನಲವತ್ತೊಂದನೆಯದು.

ಕಳೆದ ವರ್ಷದ ಯುಗಾದಿ ಊಟದಲ್ಲಿ ಶ್ರೀನಿ ಈ ಸಂಕಟವನ್ನು ಹೇಳಿಕೊಂಡಾಗ ಮಂಜೇಶ ಒಬ್ಬಟ್ಟಿಗೆ ತುಪ್ಪ ಹಾಕಿಕೊಳ್ಳುತ್ತಿದ್ದ. ತುಪ್ಪದ ಚಮಚ ಕೆಳಗಿಡದೆ ಹೇಳಿದ: “ಆಗಸ್ಟಲ್ ನನ್ ಬೋಟ್ ಇಂಜಿನ್ ಕೆಲ್ಸಕ್ಕೆ ಯಾರ್ಡಿಗ್ ಹೋತ್ತ್. ನೀವ್ ಕಟ್ಕಣಿ. ನಾನ್ ಬಂದ್ ಹಾರ್ನ್ ಹಾಕ್ರೆ ಬಿಟ್ರಾಯ್ತ್.”

ಶ್ರೀನಿ ಆಗಸ್ಟಿನ ಮೊದಲ ವಾರ ‘ಕಾವೇರಿ’ಯನ್ನು ಹದಿನಾಲ್ಕನೆಯ ನಂಬರಿಗೆ ಕಟ್ಟಿದ. ನಾನೂ ಜೊತೆಯಲ್ಲಿದ್ದೆ. ಅವನು ಫೋನಿನಲ್ಲಿ ಬಂದರಿನ ನಿಯಮಾವಳಿಯನ್ನು ತೆರೆದು ಓದಿದ. ಮೂರಿಂಗಿನ ಗುಂಡು ಬಿಳಿಯದಾಗಿದ್ದು ನಡುವೆ ನೀಲಿ ಪಟ್ಟಿಯಿರಬೇಕು, ಕಟ್ಟಿದ ದೋಣಿಯ ಹೆಸರು ಕಾಣಿಸಬೇಕು ಎಂದಿತ್ತು. ಹಳದಿ ಕೆಂಪಿನ ಗುಂಡು ನಿಯಮಬಾಹಿರ. ಇಪ್ಪತ್ತೆರಡು ವರ್ಷ ಯಾರೂ ಅದನ್ನು ಕೇಳಿರಲಿಲ್ಲ. ಮುಂದಿನ ಶನಿವಾರ ಶ್ರೀನಿ ಬಣ್ಣದ ಡಬ್ಬಿ, ಬ್ರಷ್ಷು ತಂದು, ಬಿಸಿಲಿನಲ್ಲಿ ಎರಡು ಗಂಟೆ ಬಾಗಿ ಕುಳಿತು, ಗುಂಡನ್ನು ಚೊಕ್ಕಟವಾಗಿ ಬಿಳಿ ಮಾಡಿ ನೀಲಿ ಪಟ್ಟಿ ಎಳೆದು ತನ್ನ ದೋಣಿಯ ಹೆಸರು ಬರೆದ. ಮಂಜೇಶನಿಗೆ ದಂಡ ಬೀಳದಿರಲೆಂದು ಮಾಡಿದ ಉಪಕಾರ ಅದು. ಅಂದು ಅವನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲವೆಂದು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಬ್ರಷ್ಷು ತೊಳೆಯಲು ಸೀಮೆಣ್ಣೆಯಂಥ ದ್ರವವನ್ನು ಬಟ್ಟಲಿಗೆ ಸುರಿದುಕೊಟ್ಟವನು ನಾನೇ.

ಆ ತಿಂಗಳೂ ಮುಂದಿನ ತಿಂಗಳೂ ಸಮಿತಿಯ ಇನ್‌ಸ್ಪೆಕ್ಟರು ದೋಣಿಯಲ್ಲಿ ಸುತ್ತಿ ಒಂದೊಂದು ಗುಂಡಿನ ಫೋಟೋ ತೆಗೆದುಕೊಂಡು ಹೋದನಂತೆ. ಸೆಪ್ಟೆಂಬರಿನ ನಡುವಿನಲ್ಲಿ ಮಂಜೇಶ ಹಿಂತಿರುಗಿ ಹಾರ್ನ್ ಒತ್ತಿದ. ಶ್ರೀನಿ ಥ್ಯಾಂಕ್ಸ್ ಹೇಳಿ ದೋಣಿ ಬಿಟ್ಟ. ಮಂಜೇಶ ಬಿಳಿಯ ಗುಂಡನ್ನು ಕಂಡ. ಅತಿಥಿಯಾಗಿ ಬಂದವನು ಗೋಡೆಗೆ ಬೇರೆ ಬಣ್ಣ ಬಳಿದು ಹೋದರೆ ಮನೆಯವನು ಏನು ಹೇಳುತ್ತಾನೆ? ಮಂಜೇಶ ಹಗ್ಗ ಸುತ್ತಿದ. ಮರುದಿನ ಅದರ ಮೇಲೆ ಹಳದಿ ಕೆಂಪು ಬಳಿದ.

ಅಕ್ಟೋಬರಿನಲ್ಲಿ ಶ್ರೀನಿಗೆ ಸಮಿತಿಯಿಂದ ಈಮೇಲ್ ಬಂತು. ‘ಕಾವೇರಿ’ ದೋಣಿ ಹದಿನಾಲ್ಕನೆಯ ನಂಬರಿನಲ್ಲಿ ಎರಡು ಬಾರಿ ಕಂಡಿದೆ, ಬಳಸಿದ ದಿನಾಂಕಗಳನ್ನು ತಿಳಿಸಿ ಎಂದಿತ್ತು. ಶ್ರೀನಿ ಆ ದಿನವೇ ತಿಳಿಸಿದ. ಸರ್ಕಾರಿ ಪತ್ರಕ್ಕೆ ಉತ್ತರ ಕೊಡದಿರುವುದು ಅವನ ಜಾತಕದಲ್ಲೇ ಇಲ್ಲ. ಎರವಲು ಪಡೆದದ್ದೆಂದು ಬರೆಯಲು ಆ ಫಾರಂನಲ್ಲಿ ಜಾಗವಿರಲಿಲ್ಲ, ಆದುದರಿಂದ ಬರೆಯಲಿಲ್ಲ. ಮಂಜೇಶನಿಗೆ ಒಂದು ಫೋನ್ ಮಾಡಲು ಫಾರಂ ಬೇಕಿರಲಿಲ್ಲ. ಅದನ್ನೂ ಮಾಡಲಿಲ್ಲ.

ಫೆಬ್ರವರಿಯಲ್ಲಿ ಎರಡು ಪತ್ರಗಳು ಹೊರಟವು. ಮಂಜೇಶನಿಗೆ ಬಂದದ್ದರಲ್ಲಿ, ಎರಡು ತಪಾಸಣೆಯಲ್ಲೂ ‘ಕಾನ್ಸೆಟ್ಟಾ’ ಕಂಡುಬಂದಿಲ್ಲವಾಗಿ ಹದಿನಾಲ್ಕನೆಯ ನಂಬರನ್ನು ವಿಹಾರದ ಪಟ್ಟಿಗೆ ಸೇರಿಸಲಾಗಿದೆ, ನಿಮಗೆ ಹೊರಬಂದರಿನಲ್ಲಿ ಜಾಗ ಕೊಟ್ಟಿದೆ ಎಂದಿತ್ತು. ಹೊರಬಂದರಿಗೆ ಯಾವ ಅಡ್ಡವೂ ಇಲ್ಲ. ಹಿಂದಿನ ಚಳಿಗಾಲದ ನಾರ್‌ಈಸ್ಟರ್ ಬಿರುಗಾಳಿಯಲ್ಲಿ ಅಲ್ಲಿ ಎರಡು ದೋಣಿಗಳು ಸರಪಳಿ ಹರಿದುಕೊಂಡು ಬಂಡೆಗೆ ಬಡಿದಿದ್ದವು. ಐವತ್ತನಾಲ್ಕು ವರ್ಷದ ಮನುಷ್ಯ, ದೋಣಿಯೊಂದೇ ಜೀವನ. ಅದು ಹೋದರೆ ಮತ್ತೆ ಕಿಟಕಿಯಿಲ್ಲದ ಕಟ್ಟಡ. ಎರಡನೆಯ ಪತ್ರ ಶ್ರೀನಿಗೆ. ಆ ನಂಬರನ್ನು ಆಗಲೇ ಬಳಸುತ್ತಿದ್ದವನೆಂದು ಕಾಯುವ ಪಟ್ಟಿಯ ನಲವತ್ತು ಜನರನ್ನು ದಾಟಿಸಿ ಹದಿನಾಲ್ಕನೆಯ ನಂಬರನ್ನು ಅವನಿಗೆ ಕೊಟ್ಟಿದ್ದರು. ಅವನು ಆ ಪತ್ರವನ್ನು ಎರಡು ವಾರ ಮೇಜಿನ ಡ್ರಾಯರಿನಲ್ಲಿಟ್ಟಿದ್ದ. ಅರ್ಪಿತಾಳ ಕೈಗೆ ಅದು ಸಿಕ್ಕಿದ್ದು ಸ್ಟಾಂಪು ಹುಡುಕುವಾಗ.

ಆ ಶನಿವಾರ ಮಂಜೇಶ, ರೇಣು ಜರ್ಸಿ ಸಿಟಿಯ ಮನೆಗೆ ಬಂದರು. ಇದು ಮೀನು ತಿನ್ನದ ಮನೆಯೆಂದು ರೇಣು ಗೋಳಿಬಜೆ ಕರಿದು ತಂದಿದ್ದಳು. ಯಾರೂ ಡಬ್ಬಿ ತೆರೆಯಲಿಲ್ಲ.

“ಮಂಜೇಶಣ್ಣ, ನಾನೇನೂ ಅಪ್ಲೈ ಮಾಡಿಲ್ಲ” ಎಂದ ಶ್ರೀನಿ. “ಸಿಸ್ಟಮ್ ಅಲಾಟ್ ಮಾಡಿದೆ.”

“ಹೌದಾ. ಸಿಸ್ಟಮ್ಮಿಗೆ ನನ್ ಗುಂಡಿನ್ ಮೇಲೆ ನಿಮ್ ಹೆಸ್ರ್ ಬರ್ದ್ ತೋರ್ಸದ್ ಯಾರ್?”

ಮಂಜೇಶ ಜಗಳಕ್ಕೆ ಬಂದಿರಲಿಲ್ಲ. ಮಾರ್ಚ್ ತಿಂಗಳಲ್ಲಿ ಸಮಿತಿಯ ಮುಂದೆ ಅವನ ಆಕ್ಷೇಪಣೆಯ ವಿಚಾರಣೆಯಿತ್ತು. ಅಲ್ಲಿ ಶ್ರೀನಿ ಎದ್ದು ನಿಂತು, ತಾನು ಎರವಲಾಗಿ ಕಟ್ಟಿದ್ದು, ಜಾಗ ಮಂಜೇಶನದು ಎಂದು ಒಂದು ವಾಕ್ಯ ಹೇಳಬೇಕು. ಅಷ್ಟೇ ಅವನು ಕೇಳಿದ್ದು.

“ಹಾಗೆ ಹೇಳಿದ್ರೆ ಇಬ್ಬರಿಗೂ ವಯೊಲೇಶನ್ ಆಗತ್ತೆ. ನೀವು ಕೊಡೋ ಹಾಗಿರ್ಲಿಲ್ಲ, ನಾನು ತಗೊಳ್ಳೋ ಹಾಗಿರ್ಲಿಲ್ಲ. ನನ್ನ ಕೆಲಸ ಏನು ಅಂತ ನಿಮಗೆ ಗೊತ್ತಲ್ಲ.”

“ಗೊತ್ತಿತ್. ಕಟ್ಟುವತ್ತಿಗೆ ನಿಮ್ಗೂ ಗೊತ್ತಿತ್ತಲ್ದಾ?”

ಶ್ರೀನಿ ಯೋಚಿಸಿ ಹೇಳುತ್ತೇನೆಂದ. ಅರ್ಪಿತಾ ಅಡುಗೆಮನೆಯಿಂದ ಬಂದು, ಇದರಲ್ಲಿ ಯೋಚಿಸುವುದು ಏನಿದೆ ಎಂದು ಎಲ್ಲರೆದುರಿಗೇ ಕೇಳಿದಳು. ರೇಣು ಡಬ್ಬಿಯನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದಳು. ಹೋಗುವಾಗ ನನಗೆ ಕೈಮುಗಿದಳು. ಆ ಕೈಮುಗಿತದಲ್ಲಿ ಗೌರವಕ್ಕಿಂತ ಅಪ್ಪಣೆಯೇ ಹೆಚ್ಚಿತ್ತು.

ವಿಚಾರಣೆ ನಡೆದದ್ದು ಊರಿನ ಪುರಸಭೆಯ ಮಾಳಿಗೆಯ ಕೋಣೆಯಲ್ಲಿ, ಒಂದು ಮಂಗಳವಾರ ಸಂಜೆ. ಐದು ಜನ ಸದಸ್ಯರು. ಅವರಲ್ಲಿ ಮೂವರಿಗೆ ಸ್ವಂತ ಹಾಯಿದೋಣಿಗಳಿದ್ದವು. ಕಾರಿನಲ್ಲಿ ಬರುವಾಗ ನಾನು ಶ್ರೀನಿಗೆ ಹೇಳಿದ್ದೆ, ಒಂದೇ ವಾಕ್ಯ, ಕರ್ತೃ ಕರ್ಮ ಕ್ರಿಯಾಪದ, ಅದಕ್ಕಿಂತ ಹೆಚ್ಚು ಬೇಡ ಎಂದು. ಅವನು ಹೂಂ ಎಂದಿದ್ದ.

ಮಂಜೇಶನಿಗೆ ಸಿಟ್ಟಿನಲ್ಲಿ ಇಂಗ್ಲಿಷ್ ಬರುವುದಿಲ್ಲ. ಅವನು ಎದ್ದು, ಇಪ್ಪತ್ತೆರಡು ವರ್ಷ ಎಂದ, ವಿನ್ನಿ ಎಂದ, ಇಂಜಿನ್ ಎಂದ, ಯಾರ್ಡಿನ ರಸೀದಿಯನ್ನು ಮುಂದಿಟ್ಟು ಕುಳಿತ. ಅಧ್ಯಕ್ಷನು ರಸೀದಿಯನ್ನು ಓದಿ, ಇದು ಬೋಟು ರಿಪೇರಿಯಲ್ಲಿತ್ತೆಂದು ಹೇಳುತ್ತದೆಯೇ ಹೊರತು ಮೂರಿಂಗನ್ನು ಬೇರೊಬ್ಬರು ಯಾಕೆ ಬಳಸಿದರೆಂದು ಹೇಳುವುದಿಲ್ಲ ಎಂದ. ಆಮೇಲೆ ‘ಕಾವೇರಿ’ಯ ಒಡೆಯನು ಇದ್ದಾನೆಯೇ, ಅವನಿಗೇನಾದರೂ ಹೇಳುವುದಿದೆಯೇ ಎಂದು ಕೇಳಿದ.

ಶ್ರೀನಿ ಎದ್ದ. ಕೋಟಿನ ಗುಂಡಿ ಹಾಕಿಕೊಂಡ. ತನ್ನನ್ನು ಕೇಳಿದ ಮಾಹಿತಿಯನ್ನೆಲ್ಲ ಸಕಾಲದಲ್ಲಿ ಕೊಟ್ಟಿರುವುದಾಗಿಯೂ, ಬರೆದಿರುವ ನಿಯಮದಂತೆ ನಡೆದುಕೊಂಡಿರುವುದಾಗಿಯೂ, ಸಮಿತಿಯ ತೀರ್ಮಾನಕ್ಕೆ ಬದ್ಧನೆಂದೂ ಹೇಳಿದ. ಕುಳಿತ.

ಇಂಗ್ಲಿಷ್ ವ್ಯಾಕರಣದಲ್ಲಿ ಆ ಮೂರು ವಾಕ್ಯಗಳಲ್ಲಿ ಒಂದು ತಪ್ಪೂ ಇರಲಿಲ್ಲ. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು, ಆ ಸಭೆಯಲ್ಲಿ ಯಾರು ಬೇಕಾದರೂ ಎದ್ದು ಮಾತನಾಡಬಹುದೆಂದು ಬಾಗಿಲಲ್ಲೇ ಬರೆದಿದ್ದರೂ, ಮೂರನೆಯ ಸಾಲಿನಲ್ಲಿ ಸುಮ್ಮನೆ ಕುಳಿತಿದ್ದೆ. ಮಗಳ ಸಂಸಾರ ಎಂದುಕೊಂಡೆ. ಅಳಿಯನ ಮೇಲಿನ ಸಿಟ್ಟಿನಲ್ಲಿ ನನ್ನ ಪಾಲು ಎಷ್ಟೆಂದು ಇಂದಿಗೂ ಬೇರೆ ಮಾಡಲಾರೆ.

ಎದ್ದವಳು ರೇಣು. ಆಸ್ಪತ್ರೆಯ ನೀಲಿ ಉಡುಪಿನಲ್ಲಿಯೇ ನೇರ ಬಂದಿದ್ದಳು. ಅವಳು ಕೇಳಿದ್ದು ಒಂದೇ ಪ್ರಶ್ನೆ: ಹದಿನಾಲ್ಕನೆಯ ನಂಬರಿನ ತಳದಲ್ಲಿ ಏನಿದೆಯೆಂದು ಈ ಕೋಣೆಯಲ್ಲಿ ಯಾರಿಗಾದರೂ ಗೊತ್ತೇ?

ಯಾರಿಗೂ ಗೊತ್ತಿರಲಿಲ್ಲ. ಅಧ್ಯಕ್ಷನು ನಿಯಮಾವಳಿಯ ಪುಟ ತಿರುವಿ, ತಳದಲ್ಲಿ ಏನಿದ್ದರೂ ಅದು ಹಾಕಿದವರ ಖಾಸಗಿ ಸ್ವತ್ತು, ಊರಿಗೆ ಅದರ ಹೊಣೆಯಿಲ್ಲ ಎಂದು ಓದಿದ. ಆ ಸಂಜೆಯೆಲ್ಲ ಇಲ್ಲದ ಹಗ್ಗವನ್ನು ಸುತ್ತುತ್ತಲೇ ಇದ್ದ ಮಂಜೇಶನ ಕೈ ಮೊದಲ ಬಾರಿಗೆ ಅಲುಗಾಡದೆ ನಿಂತದ್ದನ್ನು ನಾನು ನೋಡಿದೆ. ಆಕ್ಷೇಪಣೆ ಮೂರಕ್ಕೆ ಎರಡು ಮತಗಳಿಂದ ಬಿದ್ದುಹೋಯಿತು.

ಅರ್ಪಿತಾ ಆ ವಾರ ಗಂಡನೊಡನೆ ಮಾತು ಬಿಟ್ಟಳು. ಶ್ರೀನಿಯೂ ಸುಖವಾಗಿರಲಿಲ್ಲ, ಮಂಜೇಶನಿಗೆ ಎರಡು ಬಾರಿ ಫೋನ್ ಮಾಡಿದ, ಅವನು ಎತ್ತಲಿಲ್ಲ. ಆದರೆ ಪತ್ರವನ್ನು ಹಿಂತಿರುಗಿಸುವ ಮಾತು ಬಂದಾಗಲೆಲ್ಲ, ತಾನು ಬಿಟ್ಟರೆ ಅದು ಪಟ್ಟಿಯಲ್ಲಿರುವ ಮತ್ತೊಬ್ಬರಿಗೆ ಹೋಗುತ್ತದೆಯೇ ವಿನಾ ಮಂಜೇಶನಿಗೆ ಬರುವುದಿಲ್ಲ ಎನ್ನುತ್ತಿದ್ದ. ಅದು ನಿಜ. ನಿಜವಾದ ಮಾತುಗಳನ್ನೇ ಜೋಡಿಸಿ ಎಷ್ಟು ದೊಡ್ಡ ಸುಳ್ಳನ್ನು ಕಟ್ಟಬಹುದೆಂದು ನಾನು ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಕಲಿತೆ.

ಏಪ್ರಿಲ್ ಕೊನೆಯ ಭಾನುವಾರ ‘ಕಾವೇರಿ’ಯನ್ನು ಯಾರ್ಡಿನಿಂದ ನೀರಿಗಿಳಿಸಿದರು. ಅರ್ಪಿತಾ ಬರಲಿಲ್ಲ. ಒಬ್ಬನೇ ದೋಣಿ ನಡೆಸುವುದು ಕಷ್ಟವೆಂದು ಶ್ರೀನಿ ಕರೆದ, ಬರುವುದಿಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ. ಒಳಬಂದರಿಗೆ ತಲುಪಿದಾಗ ಬೆಳಗಿನ ಹತ್ತು ಗಂಟೆ. ಹದಿನಾಲ್ಕನೆಯ ನಂಬರಿನಲ್ಲಿ ‘ಕಾನ್ಸೆಟ್ಟಾ’ ನಿಂತಿತ್ತು.

ನಿಂತ ಬಗೆ ವಿಚಿತ್ರವಾಗಿತ್ತು. ದೋಣಿಯ ಮೂತಿ ನೀರಿನತ್ತ ಬಾಗಿ, ಹಿಂಭಾಗ ಮೇಲೆದ್ದಿತ್ತು. ಮಂಜೇಶ ಎರೆಮೀನಿನ ಪೆಟ್ಟಿಗೆಯ ಮೇಲೆ ಕುಳಿತು ಫ್ಲಾಸ್ಕಿನಿಂದ ಚಹಾ ಕುಡಿಯುತ್ತಿದ್ದ. ಶ್ರೀನಿಗೆ ಅರ್ಥವಾಗಲಿಲ್ಲ. ನನಗೆ ಸ್ವಲ್ಪ ಹೊತ್ತಿನಲ್ಲಿ ಆಯಿತು. ಕೆಸರಿನಲ್ಲಿ ಇಪ್ಪತ್ತೆರಡು ವರ್ಷ ಹೂತ ಗಾಲಿಗಳನ್ನು ಯಾವ ಯಂತ್ರವೂ ಎಳೆದು ತೆಗೆಯಲಾರದು. ಕೆಸರು ಹೀರಿ ಹಿಡಿದಿರುತ್ತದೆ. ಅದಕ್ಕೆ ಗಂಗೊಳ್ಳಿಯವರಿಗೂ ಇಲ್ಲಿಯವರಿಗೂ ಗೊತ್ತಿರುವ ಉಪಾಯ ಒಂದೇ. ನೀರು ಪೂರ್ತಿ ಇಳಿದಾಗ ಸರಪಳಿಯನ್ನು ದೋಣಿಯ ಮೂತಿಗೆ ಬಿಗಿಯಾಗಿ ಕಟ್ಟಿ ಕಾಯಬೇಕು. ಉಬ್ಬರ ಬಂದಂತೆ ಕಡಲೇ ದೋಣಿಯನ್ನು ಎತ್ತುತ್ತದೆ, ದೋಣಿ ಗಾಲಿಗಳನ್ನು ಎತ್ತುತ್ತದೆ. ಅವನು ಬೆಳಗಿನ ಆರು ಗಂಟೆಯಿಂದ ಅಲ್ಲಿ ಕುಳಿತಿದ್ದ.

“ಮಂಜೇಶಣ್ಣ, ಇದು ಈಗ ನನ್ನ ಅಸೈನ್ಡ್ ಜಾಗ” ಎಂದು ಶ್ರೀನಿ ಸ್ವಲ್ಪ ದೂರದಲ್ಲಿ ದೋಣಿ ನಿಲ್ಲಿಸಿ ಹೇಳಿದ. ಸ್ವರ ಮೆಲ್ಲಗಿತ್ತು.

“ಹೌದ್ ಸಾಹೇಬ್ರೆ. ಜಾಗ ನಿಮ್ದ್. ಕಬ್ಣ ನಂದ್.” ಮಂಜೇಶ ಚಹಾದ ಮುಚ್ಚಳವನ್ನು ತೊಳೆದು ಫ್ಲಾಸ್ಕಿಗೆ ತಿರುಗಿಸಿದ. “ಬರ್ದಿತ್ತಲ್ದಾ, ನಿಮ್ ಪುಸ್ತಕ್ದಲ್ಲೇ. ಅಧ್ಯಕ್ಷರ್ ಓದ್ರ್.”

ನಾವು ಸುತ್ತು ಹಾಕುತ್ತ ಕಾದೆವು. ಉಬ್ಬರ ಏರುತ್ತಿತ್ತು, ದೋಣಿಯ ಮೂತಿ ಇನ್ನೂ ಬಾಗಿತು. ಹಲಗೆಗಳು ನರಳುವುದು ನಮಗೆ ಕೇಳಿಸುತ್ತಿತ್ತು. ಹನ್ನೊಂದರ ಸುಮಾರಿಗೆ ಒಮ್ಮೆಲೇ, ತಳದಲ್ಲಿ ಯಾರೋ ಕೈಬಿಟ್ಟಂತೆ, ‘ಕಾನ್ಸೆಟ್ಟಾ’ ಮೇಲಕ್ಕೆ ನೆಗೆದು ಅತ್ತಿತ್ತ ಹೊಯ್ದಾಡಿತು. ಸುತ್ತಲಿನ ನೀರೆಲ್ಲ ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಎದ್ದಿತು. ವಿಹಾರದ ದೋಣಿಯೊಂದರಲ್ಲಿ ಬಿಸಿಲು ಕಾಯಿಸುತ್ತಿದ್ದ ದಂಪತಿ ಮೂಗು ಮುಚ್ಚಿಕೊಂಡು ಒಳಗೆ ಹೋದರು. ಮಂಜೇಶ ಸರಪಳಿಯನ್ನು ಇನ್ನೆರಡು ಮಾರು ಎಳೆದು ಬಿಗಿದು ಇಂಜಿನ್ ಹಾಕಿದ. ಗಾಲಿಗಳು ಹೊಟ್ಟೆಯಡಿಯಲ್ಲಿ ನೇತಾಡುತ್ತಿದ್ದುದರಿಂದ ದೋಣಿ ತುಂಬ ನಿಧಾನವಾಗಿ ಚಲಿಸಿತು. ಗುಂಡೂ ಇಲ್ಲ, ಸರಪಳಿಯೂ ಇಲ್ಲ. ಹದಿನಾಲ್ಕನೆಯ ನಂಬರು ಬರೀ ನೀರು.

ಗಾಳಿ ಸ್ವಲ್ಪ ಎದ್ದಿತ್ತು. ಅಪಾಯವೇನಲ್ಲ, ಹಾಯಿದೋಣಿಯನ್ನು ಒಂದೆಡೆ ನಿಲ್ಲಿಸುವುದು ಕಷ್ಟವಾಗುವಷ್ಟು. ಶ್ರೀನಿ ತನ್ನ ಚಿಕ್ಕ ಲಂಗರನ್ನು ಇಳಿಸಿದ. ಅದು ಅಂಬಲಿ ಕೆಸರಿನಲ್ಲಿ ಜಾರಿತು. ಮತ್ತೆ ಇಳಿಸಿದ, ಮತ್ತೆ ಜಾರಿತು. ‘ಕಾನ್ಸೆಟ್ಟಾ’ ನಮ್ಮ ಪಕ್ಕದಲ್ಲೇ ಹಾದುಹೋಗುತ್ತಿತ್ತು.

“ಮಂಜೇಶಣ್ಣ, ಒಂದು ಹಗ್ಗ ಕೊಡ್ತೀರಾ? ಪಕ್ಕಕ್ಕೆ ಕಟ್ಕೋತೀನಿ, ಅರ್ಧ ಗಂಟೆ ಅಷ್ಟೇ.”

ಮಂಜೇಶನ ಕೈ ತಾನಾಗಿ ಹಗ್ಗದ ಸುರುಳಿಯ ಮೇಲೆ ಹೋಯಿತು. ನಾನು ನೋಡಿದೆ. ಸುರುಳಿಯನ್ನು ಎತ್ತಿದ, ಎಸೆಯುವವರಂತೆ ಭುಜ ಹಿಂದಕ್ಕೆ ಹೋಯಿತು. ಅಲ್ಲಿಗೇ ನಿಂತಿತು.

“ಇಲ್ಲೆ” ಎಂದ. ಇಲ್ಲ ಎನ್ನುವುದಕ್ಕೆ ಗಂಗೊಳ್ಳಿಯ ಮಾತು ಅದು.

ಹಗ್ಗವನ್ನು ಕೆಳಗಿಟ್ಟು ಚುಕ್ಕಾಣಿ ಹಿಡಿದು ಹೊರಬಂದರಿನತ್ತ ಹೋದ. ಹಿಂತಿರುಗಿ ನನ್ನತ್ತ ಒಮ್ಮೆ ನೋಡಿದ. ಮಾಷ್ಟ್ರೇ ಎಂದು ಕರೆಯಲಿಲ್ಲ.

ಶ್ರೀನಿ ದೋಣಿಯನ್ನು ಯಾರ್ಡಿಗೆ ಮರಳಿಸಿದ. ದಾರಿಯುದ್ದಕ್ಕೂ ಹೊಸ ಭಾರ ಹಾಕಿಸಲು ಯಾವ ಪರವಾನಗಿ ಬೇಕು, ಮುಳುಗುಗಾರರಿಗೆ ಎಷ್ಟು ತಿಂಗಳ ಮೊದಲು ಹೇಳಬೇಕು ಎಂದು ಲೆಕ್ಕ ಹಾಕುತ್ತಿದ್ದ. ನಾನು ದಡಕ್ಕೆ ಇಳಿದ ಮೇಲೆ ಹೇಳಿದೆ: “ಶ್ರೀನಿ, ನಿಮ್ಮ ದೋಣಿಯನ್ನು ನಾನು ಇನ್ನು ಹತ್ತುವುದಿಲ್ಲ. ಆ ಸಭೆಯಲ್ಲಿ ನಾನೂ ಬಾಯಿ ಬಿಡಲಿಲ್ಲ, ಅದಕ್ಕೆ ನಿಮಗಿಂತ ಹೆಚ್ಚು ನನಗೆ ನಾಚಿಕೆ. ಆದರೂ ಹತ್ತುವುದಿಲ್ಲ.” ಬೇಸಿಗೆ ಮುಗಿದು ಬಂತು. ಅವನಿಗಿನ್ನೂ ಭಾರ ಹಾಕುವ ಪರವಾನಗಿ ಬಂದಿಲ್ಲ, ‘ಕಾವೇರಿ’ ಯಾರ್ಡಿನ ಕಂಬಗಳ ಮೇಲೆ ಒಣಗುತ್ತಿದೆ.

ಮಂಜೇಶ ರೈಲುಗಾಲಿಗಳನ್ನು ಹೊರಬಂದರಿನಲ್ಲಿ ಇಳಿಸಿದ್ದಾನೆ. ಅಲ್ಲಿಯ ತಳ ಗಟ್ಟಿ ಮರಳು, ಹೂತುಕೊಳ್ಳುವುದಿಲ್ಲ. ಈಶಾನ್ಯದ ಗಾಳಿಯ ಸೂಚನೆ ಬಂದಾಗಲೆಲ್ಲ ಅವನು ದೋಣಿಯಲ್ಲೇ ಉಳಿದು ಇಂಜಿನ್ ಚಾಲೂ ಇಟ್ಟುಕೊಂಡು ಸರಪಳಿಯ ಎಳೆತವನ್ನು ತಗ್ಗಿಸುತ್ತಾನೆ. ರೇಣು ಫೋನಿನಲ್ಲಿ ಇದನ್ನು ಹೇಳಿದಳು. ಗಾಲಿಗಳನ್ನು ಎತ್ತಿದ ಆ ಭಾನುವಾರ ಅವನು ಮನೆಗೆ ಬಂದು ಊಟ ಮಾಡಲಿಲ್ಲವಂತೆ. ಮೂರಿಂಗಿನ ದುಃಖವೆಂದು ಅವಳು ತಿಳಿದಿದ್ದಳು. ಬಡಿಸಿದ ತಟ್ಟೆಯನ್ನು ದೂರ ಸರಿಸಿ, ನೀರಿನ ಮೇಲೆ ಹಗ್ಗ ಕೇಳಿದವನಿಗೆ ಇಲ್ಲವೆಂದು ಬಂದಿದ್ದೇನೆ, ಅಬ್ಬೆಗೆ ಹೇಳಬೇಡ ಎಂದನಂತೆ. ಅವನ ತಾಯಿ ಗಂಗೊಳ್ಳಿಯಲ್ಲಿ ಇನ್ನೂ ಇದ್ದಾಳೆ, ಪ್ರತಿ ಭಾನುವಾರ ಮಗ ಫೋನ್ ಮಾಡುತ್ತಾನೆ.

ಜಾಗ ಕಿತ್ತುಕೊಂಡದ್ದನ್ನು ಅವನು ಕ್ಷಮಿಸಿದರೂ ಕ್ಷಮಿಸಬಹುದು. ಆ ಒಂದು ‘ಇಲ್ಲೆ’ಯನ್ನು ಅವನ ಬಾಯಿಂದ ಹೊರಡಿಸಿದ್ದನ್ನು ನಾನು ನನ್ನ ಮನೆಯವರಿಗೆ ಕ್ಷಮಿಸಲಾರೆ. ಗೋಳಿಬಜೆಯ ಸ್ಟೀಲಿನ ಡಬ್ಬಿ ಇನ್ನೂ ನಮ್ಮ ಅಡುಗೆಮನೆಯಲ್ಲಿದೆ. ಬರಿಯ ಡಬ್ಬಿಯನ್ನು ಹಿಂತಿರುಗಿಸುವುದು ನಮ್ಮಲ್ಲಿ ವಾಡಿಕೆಯಿಲ್ಲ. ಅದರಲ್ಲಿ ಏನು ತುಂಬಿ ಕೊಡಬೇಕೆಂದು ಅರ್ಪಿತಾ ಕೇಳುತ್ತಾಳೆ, ನನಗೂ ತಿಳಿಯುವುದಿಲ್ಲ.